ಕಿಣ್ವದಿಂದ ಮೊನೊಲಾರಿನ್: ಹಾಸನದ ನನ್ನ ಶೆಡ್ಡಿನ ಅನುಭವ

ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಸಣ್ಣ ಶೆಡ್ಡಿನಲ್ಲಿ ಕೊಬ್ಬಿನ ಮೇಲೆ ಕೆಲಸ ಮಾಡುವ ಲೈಪೇಸ್ ಕಿಣ್ವ ಬಳಸಿ, ಲಾರಿಕ್ ಎಂಬ ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್‌ನಿಂದ ಮೊನೊಲಾರಿನ್ (ಎಣ್ಣೆ, ನೀರನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರ್) ತಯಾರಿಸುತ್ತೇನೆಂದು ಹೊರಟಾಗ, ಈ ಕಸುಬಿನ ಹಿರಿಯರೊಬ್ಬರು, "ಕಾಸ್ಟಿಕ್ ಸೋಡಾ ಹಾಕಿ 230 ಡಿಗ್ರಿಗೆ ಕಾಯಿಸಿದರೆ ಮುಗಿಯುವ ಕೆಲಸಕ್ಕೆ ಚಿನ್ನದ ಬೆಲೆಯ ಕಿಣ್ವ ಯಾಕಪ್ಪಾ?" ಎಂದು ಕೇಳಿದ್ದರು. ಬೇಕರಿ ಜೆಲ್‌ಗೆ ಬೇಕಾದ ಮೊನೊಸ್ಟಿಯರೇಟ್ ಎಂಬ ಅಂಥದೇ ಎಮಲ್ಸಿಫೈಯರನ್ನು ನಾನೂ ಆರು ವರ್ಷ ಹಾಗೆಯೇ ಮಾಡಿದ್ದೆ. ಆ ಶಾಖದಲ್ಲಿ ಬರುವ ಕಂದು ಬಣ್ಣವೂ ಸುಟ್ಟ ವಾಸನೆಯೂ ಕ್ರೀಮು, ಲೋಶನ್ ಮಾಡುವವರಿಗೆ ಬೇಡ. ಅವರು ಕೊಡುವ ದರ ಬೇಕಿದ್ದರೆ ಮಾಲು ಬಿಳಿಯಾಗಿರಬೇಕು, 60 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮುಗಿಯಬೇಕು.

ರಾಳದ ಮಣಿಗಳ ಮೇಲೆ ಕೂರಿಸಿದ ಕ್ಯಾಂಡಿಡಾ ಅಂಟಾರ್ಕ್ಟಿಕಾ ಲೈಪೇಸ್-ಬಿ ಕಿಣ್ವವನ್ನು ಅರ್ಧ ಕಿಲೋ ತರಿಸಿದೆ. ಎಲ್ಲ ಸೇರಿ ಸುಮಾರು 60,000 ರೂಪಾಯಿ ಬಿತ್ತು. ಬ್ಯಾಚಿಗೆ 10 ಕಿಲೋ ಲಾರಿಕ್, 14 ಕಿಲೋ ಗ್ಲಿಸರಿನ್. ಆರಂಭದಲ್ಲಿ 118ರಷ್ಟಿದ್ದ ಆಸಿಡ್ ವ್ಯಾಲ್ಯೂ (ಕ್ರಿಯೆಗೊಳ್ಳದೆ ಉಳಿದ ಆಮ್ಲದ ಅಳತೆ) ಮೊದಲ ಬ್ಯಾಚಿನಲ್ಲಿ 20ಕ್ಕೆ ಇಳಿಯಿತು, ಎರಡನೆಯದರಲ್ಲಿ 40ಕ್ಕೆ ನಿಂತಿತು, ನಾಲ್ಕನೆಯ ಬ್ಯಾಚಿನಲ್ಲಿ ರಾತ್ರಿಯಿಡೀ ಓಡಿಸಿದರೂ 80ರಿಂದ ಕೆಳಗೆ ಬರಲಿಲ್ಲ. ಸಿಕ್ಕಿದ ಮಾಲು ಒಟ್ಟು 32 ಕಿಲೋ ಇರಬಹುದು. ಅಂದರೆ ಕಿಲೋ ಒಂದಕ್ಕೆ ಕಿಣ್ವದ ಖರ್ಚೇ 1,900 ರೂಪಾಯಿ ತಗುಲಿತು. ಹೆಂಡತಿಯ ಹೆಸರಿನಲ್ಲಿದ್ದ ಠೇವಣಿ ಮುರಿಸಿ ತಂದ ಹಣ ಅದು.

ಕಿಣ್ವ ಸತ್ತಿದೆಯೆಂದೇ ನಾನು ತಿಳಿದಿದ್ದೆ. ಆದರೆ ಎಸೆಯುವ ಮುನ್ನ ಒಂದು ಹಿಡಿ ಮಣಿಗಳನ್ನು ಫಿಲ್ಟರ್ ಕಾಗದದ ಮೇಲೆ ಹರಡಿ ನೋಡಿದಾಗ ಅವು ಪಾಕದಲ್ಲಿ ಅದ್ದಿದ ಬೂಂದಿ ಕಾಳುಗಳಂತೆ ಹೊಳೆಯುತ್ತ, ಒಂದಕ್ಕೊಂದು ಅಂಟಿಕೊಂಡು, ಬೆರಳಿಗೆ ಜಿಗುಟಾಗಿ ಹತ್ತಿದವು. ಗ್ಲಿಸರಿನ್ ಮಣಿಯ ಸುತ್ತ ಕವಚ ಕಟ್ಟಿತ್ತು; ಆ ಕವಚ ದಾಟಿ ಲಾರಿಕ್ ಒಳಗೆ ಹೋಗಲಾರದು, ಕ್ರಿಯೆಯಿಂದ ಒಳಗೆ ಹುಟ್ಟಿದ ನೀರು ಹೊರಗೆ ಬರಲಾರದು. ಟರ್ಶಿಯರಿ ಬ್ಯುಟನಾಲ್ ಎಂಬ ದ್ರಾವಕದಲ್ಲಿ ಎರಡು ಸಲ ತೊಳೆದು ಒಣಗಿಸಿದ ಮೇಲೆ ಅದೇ ಮಣಿಗಳು ಮತ್ತೆ ಕೆಲಸ ಮಾಡಿದವು. ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ.

ಇಡೀ ಬ್ಯಾಚನ್ನೇ ಆ ದ್ರಾವಕದಲ್ಲಿ ನಡೆಸಬಹುದು. ಆದರೆ ಅದನ್ನು ಮರಳಿ ಬಟ್ಟಿ ಇಳಿಸುವ ಖರ್ಚು ನನ್ನಂಥವನಿಗೆ ಹೊರೆ. ಹಾಗಾಗಿ ಗ್ಲಿಸರಿನನ್ನು ಸಿಲಿಕಾ ಜೆಲ್‌ಗೆ ಹೀರಿಸಿ ಹಾಕಿದೆ. ಕ್ರಿಯೆ ಚೆನ್ನಾಗಿಯೇ ನಡೆಯಿತು, ಆದರೆ ಸೋಸುವಾಗ ಸಿಲಿಕಾ ಜೊತೆಗೆ ಎರಡು ಕಿಲೋ ಮಾಲೂ ಹೋಯಿತು. ಕೊನೆಗೆ ಕೈಹಿಡಿದದ್ದು, ಮೊಸರಿಗೆ ಹೆಪ್ಪು ಹಾಕುವಂತೆ, ಹಿಂದಿನ ಬ್ಯಾಚಿನ ಮೊನೊಲಾರಿನ್ನನ್ನೇ ಸ್ವಲ್ಪ ಕರಗಿಸಿ ಮೊದಲು ಸೇರಿಸುವ ಕ್ರಮ. ಅದು ತಾನೇ ಎಮಲ್ಸಿಫೈಯರ್ ಆದುದರಿಂದ, ಎರಡು ಪದರವಾಗಿ ನಿಲ್ಲುತ್ತಿದ್ದ ಲಾರಿಕ್ ಮತ್ತು ಗ್ಲಿಸರಿನ್ ಹಾಲಿನಂತೆ ಬೆರೆತು, ಮಣಿಗಳ ಮೇಲೆ ಕವಚ ಕಟ್ಟುವುದು ಬಹುಮಟ್ಟಿಗೆ ತಪ್ಪಿತು. ಹೆಪ್ಪಿನ ಪ್ರಮಾಣವೆಷ್ಟು, ಗ್ಲಿಸರಿನನ್ನು ಎಷ್ಟು ಕಂತಿನಲ್ಲಿ ಬಿಡಬೇಕು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಹನ್ನೊಂದು ಬ್ಯಾಚ್ ಹಿಡಿದಿದೆ.

ಕಲಕುವ ರೆಕ್ಕೆ ಮಣಿಗಳನ್ನು ಅರೆದು ಪುಡಿ ಮಾಡುತ್ತಿತ್ತಾದ್ದರಿಂದ ಅದನ್ನು ಬಿಟ್ಟು, ಊರಿನ ವೆಲ್ಡಿಂಗ್ ಶಾಪಿನಲ್ಲಿ ಬಿಸಿನೀರಿನ ಜಾಕೆಟ್ ಇರುವ ನಾಲ್ಕು ಇಂಚಿನ ಸ್ಟೀಲ್ ಕಾಲಂ ಮಾಡಿಸಿದೆ. 22,000 ರೂಪಾಯಿ ಆಯಿತು. ಮಿಶ್ರಣ ಕಾಲಂನಲ್ಲಿರುವ ಮಣಿಗಳ ನಡುವೆ ಹರಿದು ಪಾತ್ರೆಗೆ ಬರುತ್ತದೆ, ಪಾತ್ರೆಯಲ್ಲಿ ವ್ಯಾಕ್ಯೂಮ್ ನೀರನ್ನು ಎಳೆಯುತ್ತದೆ, ಪಂಪು ಅದನ್ನು ಮತ್ತೆ ಕಾಲಂಗೆ ತಳ್ಳುತ್ತದೆ. ಬ್ಯಾಚಿಗೆ ಮುಕ್ಕಾಲು ಕಿಲೋಗಿಂತ ಹೆಚ್ಚು ನೀರು ಹೊರಗೆ ಬರಬೇಕು. ಬಾರದಿದ್ದರೆ ಕ್ರಿಯೆ ಅರ್ಧದಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಡ್ರಮ್ಮಿನ ಮುಚ್ಚಳ ಸಡಿಲವಿದ್ದರೆ ಗ್ಲಿಸರಿನ್ ಗಾಳಿಯ ತೇವವನ್ನೂ ಹೀರಿಕೊಂಡಿರುತ್ತದೆ, ಹಾಗಾಗಿ ಅದನ್ನು ಮೊದಲು ಒಣಗಿಸಿಕೊಳ್ಳುವುದನ್ನು ನಾನು ತಪ್ಪಿಸುವುದಿಲ್ಲ. ಡಿಸೆಂಬರಿನ ಒಂದು ರಾತ್ರಿ ಕರೆಂಟು ಹೋಗಿ, ಬೆಳಗಾಗುವಷ್ಟರಲ್ಲಿ ಕಾಲಂನೊಳಗಿನದೆಲ್ಲ ಮೇಣದಂತೆ ಹೆಪ್ಪುಗಟ್ಟಿತ್ತು. ಜಾಕೆಟ್ಟಿಗೆ ಬಿಸಿನೀರು ಹರಿಸಿ ನಿಧಾನವಾಗಿ ಕರಗಿಸಿದೆ, ಕಿಣ್ವಕ್ಕೆ ಏನೂ ಆಗಲಿಲ್ಲ.

ಈಗ ಒಂಬತ್ತು–ಹತ್ತು ಗಂಟೆಯಲ್ಲಿ ಆಸಿಡ್ ವ್ಯಾಲ್ಯೂ 6ಕ್ಕಿಂತ ಕೆಳಗೆ ಬರುತ್ತದೆ. ಹೊರಗಿನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಮೊನೊಲಾರಿನ್ ಅಂಶ ನೂರಕ್ಕೆ 75ರ ಹತ್ತಿರ ಬಂದಿದೆ, ಉಳಿದದ್ದರಲ್ಲಿ ಹೆಚ್ಚಿನದು ಡೈಲಾರಿನ್, ಅಂದರೆ ಗ್ಲಿಸರಿನ್‌ಗೆ ಒಂದರ ಬದಲು ಎರಡು ಲಾರಿಕ್ ಕೂಡಿದ್ದು. ಎರಡನೆಯ ಬಾರಿ ತಂದ ಅರ್ಧ ಕಿಲೋ ಕಿಣ್ವದಲ್ಲಿ 38 ಬ್ಯಾಚ್ ಆಗಿವೆ. ಬ್ಯಾಚಿಗೆ 12 ಕಿಲೋ ಲೆಕ್ಕ ಹಿಡಿದರೆ ಕಿಣ್ವದ ಖರ್ಚು ಕಿಲೋಗೆ 130 ರೂಪಾಯಿಯ ಸುತ್ತಮುತ್ತ ನಿಲ್ಲುತ್ತದೆ. ನನ್ನಷ್ಟು ಸಣ್ಣ ಬಂಡವಾಳದಲ್ಲಿ ಈ ಬಿಳುಪು ತೆಗೆದವರನ್ನು ನಾನಂತೂ ಈ ಭಾಗದಲ್ಲಿ ಕಂಡಿಲ್ಲ. ಕಾಸ್ಟಿಕ್ ವಿಧಾನವೇ ಸಾಕೆಂದಿದ್ದ ಆ ಹಿರಿಯರು ಕಳೆದ ತಿಂಗಳು ಬಂದು, ಹಾಳೆಯ ಮೇಲೆ ಮಾಲನ್ನು ಸುರಿದು ನೋಡಿ, ಎರಡು ಕಿಲೋ ಮಾದರಿ ಕಟ್ಟಿಸಿಕೊಂಡು ಹೋದರು.

ನಡುವೆ ಗ್ಲಿಸರಿನ್ ಬದಲು ಸಕ್ಕರೆಗೆ ಕೊಬ್ಬಿನಾಮ್ಲ ಕೂಡಿಸುವ ಸಕ್ಕರೆಯ ಎಸ್ಟರಿಗೂ ಕೈಹಾಕಿದ್ದೆ. ಸಕ್ಕರೆ ಕೊಬ್ಬಿನಾಮ್ಲದಲ್ಲಿ ಕರಗುವುದೇ ಇಲ್ಲ, ಮೂರು ದಿನ ಓಡಿಸಿದರೂ ತಳದಲ್ಲಿ ಹಾಗೆಯೇ ಕುಳಿತಿತ್ತು. ಲಾರಿಕ್ ಕೊಳ್ಳುವ ಬದಲು ಅರಸೀಕೆರೆಯ ಕೊಬ್ಬರಿ ಎಣ್ಣೆಯನ್ನೇ ನೇರವಾಗಿ ಗ್ಲಿಸರಿನ್ ಜೊತೆ ಕಾಲಂನಲ್ಲಿ ಹರಿಸಿಯೂ ನೋಡಿದೆ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಲಾರಿಕ್ ಅರ್ಧದಷ್ಟು ಮಾತ್ರ ಇರುವುದರಿಂದ ಬಂದದ್ದು ಮೆತ್ತನೆಯ ಮಿಶ್ರ ಮಾಲು; ಕ್ರೀಮಿನವರಿಗೆ ಅದು ಬೇಡವಾಯಿತು. ಬೇಕರಿ ಜೆಲ್ ಮಾಡುವ ಗೆಳೆಯನೊಬ್ಬ ಮಾತ್ರ ಮೊನೊಸ್ಟಿಯರೇಟಿಗೆ ಐದಕ್ಕೆ ಒಂದರಂತೆ ಅದನ್ನು ಬೆರೆಸಿ, ಕೇಕು ಚೆನ್ನಾಗಿ ಉಬ್ಬಿತೆಂದು ಹೇಳಿ ಇನ್ನೂ 5 ಕಿಲೋ ಕೇಳಿದ್ದಾನೆ. ಅದಕ್ಕಾಗಿ ಹಳೆಯ ಮಣಿಗಳನ್ನು ತೊಳೆದು ಬೇರೆಯಾಗಿ ಇಟ್ಟಿದ್ದೇನೆ.