ಎಸ್‌ಡಿ ಗೊತ್ತಿಲ್ಲವೇ? ಝಡ್ ಬಿಡಿ, ಟಿ ಹಿಡಿಯಿರಿ

ಅರ್ಧ ಕೆಜಿ ಅಂತ ಬರೆದಿರುವ ಆರು ರವೆ ಪ್ಯಾಕೆಟ್ ತಂದು, ಒಳಗಿನ ರವೆಯನ್ನಷ್ಟೇ ತೂಗಿದಿರಿ ಅಂದುಕೊಳ್ಳಿ. 496, 499, 494, 501, 497, 498 ಗ್ರಾಂ ಬಂತು. ಸರಾಸರಿ 497.5. ಎರಡೂವರೆ ಗ್ರಾಂ ಕಡಿಮೆ. ತುಂಬುವ ಯಂತ್ರವೇ ಕಡಿಮೆ ಹಾಕುತ್ತಿದೆಯೋ, ಇದು ಮಾಮೂಲಿ ಏರುಪೇರೋ?

ಇದನ್ನು ತೀರ್ಮಾನಿಸಲು ಸಂಖ್ಯಾಶಾಸ್ತ್ರದಲ್ಲಿ ಝಡ್, ಟಿ ಎಂಬ ಎರಡು ಪರೀಕ್ಷೆಗಳಿವೆ. ಯಾವುದು ಬೇಕು ಅಂತ ತಿಳಿಯಲು ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸ್ಟ್ಯಾಂಡರ್ಡ್ ಡೀವಿಯೇಶನ್ (ತೂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವ ಅಳತೆ), ಅಂದರೆ ಎಸ್‌ಡಿ, ಎಲ್ಲಿಂದ ಬಂತು? ಯಂತ್ರದ ಹಳೆಯ ದಾಖಲೆಗಳಿಂದ ಅದು ಖಚಿತವಾಗಿ ಗೊತ್ತಿದ್ದರೆ ಝಡ್. ಈ ಆರೇ ಪ್ಯಾಕೆಟ್‌ನಿಂದ ಲೆಕ್ಕ ಹಾಕಿದ್ದರೆ ಟಿ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಎಸ್‌ಡಿಯನ್ನು ಸುಮ್ನೆ ಕೊಟ್ಟುಬಿಡುತ್ತಾರೆ. ನಿಜವಾದ ಕೆಲಸದಲ್ಲಿ ಅದನ್ನು ಯಾರೂ ಕೊಡುವುದಿಲ್ಲ.

ಈಗ ಎಸ್‌ಡಿ ಕಂಡುಹಿಡಿಯಿರಿ. ಪ್ರತಿ ತೂಕವೂ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ವರ್ಗ ಮಾಡಿ ಕೂಡಿಸಿ: 29.5. ಇದನ್ನು ಆರರಿಂದ ಅಲ್ಲ, ಐದರಿಂದ ಭಾಗಿಸಬೇಕು. 5.9 ಬರುತ್ತದೆ, ಅದರ ವರ್ಗಮೂಲ 2.43. ಎಕ್ಸೆಲ್‌ನಲ್ಲಾದರೆ ‘ಎಸ್‌ಟಿಡಿಇವಿ.ಎಸ್’ ಬಳಸಿ. ಕೊನೆಯಲ್ಲಿ ‘ಪಿ’ ಇರುವುದು ಬೇಡ, ಅದು ಆರರಿಂದಲೇ ಭಾಗಿಸುತ್ತದೆ.

2.43 ಅನ್ನು ಆರರ ವರ್ಗಮೂಲದಿಂದ ಭಾಗಿಸಿದರೆ 0.99. ಕೊರತೆ 2.5 ಅನ್ನು ಇದರಿಂದ ಭಾಗಿಸಿ. ಟಿ ಬೆಲೆ ಸುಮಾರು 2.52, ಮೈನಸ್ ಚಿಹ್ನೆ ಬಿಟ್ಟು.

ಮಜಾ ಇರುವುದು ಗಡಿ ಬೆಲೆಗಳ ಟೇಬಲ್ ನೋಡುವಾಗ. 5 ಶೇಕಡಾ ಮಟ್ಟದಲ್ಲಿ (ಯಂತ್ರ ಸರಿಯಿದ್ದರೂ ತಪ್ಪು ಅಂದುಬಿಡುವ ಸಾಧ್ಯತೆ ನೂರಕ್ಕೆ ಐದು), ಹೆಚ್ಚು, ಕಡಿಮೆ ಎರಡೂ ಬದಿ ಸೇರಿಸಿ, ಝಡ್‌ನ ಗಡಿ 1.96. ಅದನ್ನು ನಂಬಿದ್ದರೆ, 2.52 ಗಡಿ ದಾಟಿರುವುದರಿಂದ, ಯಂತ್ರ ತಪ್ಪಿತಸ್ಥ. ಆದರೆ ಐದು ಡಿಗ್ರಿ ಆಫ್ ಫ್ರೀಡಂಗೆ (ಇಲ್ಲಿ ಪ್ಯಾಕೆಟ್‌ಗಳ ಸಂಖ್ಯೆಗಿಂತ ಒಂದು ಕಡಿಮೆ) ಟಿ ಗಡಿ 2.571. ನಮ್ಮ 2.52 ಕೂದಲೆಳೆ ಅಂತರದಲ್ಲಿ ಒಳಗೇ ಉಳಿಯಿತು! ಹಾಗಂತ ತೂಕ ಸರಿಯಿದೆ ಅಂತಲೂ ಅಲ್ಲ. ದೂರಲು ಈ ಆರು ಪ್ಯಾಕೆಟ್ ಸಾಲದು, ಇನ್ನಷ್ಟು ತೂಗಬೇಕು, ಅಷ್ಟೇ.

ಗಡಿ ಯಾಕೆ ಜಾಸ್ತಿ? ಆರೇ ಪ್ಯಾಕೆಟ್‌ನಿಂದ ಬಂದ ಎಸ್‌ಡಿಯೂ ಒಂದು ಅಂದಾಜು. ಇನ್ನಾರು ತಂದರೆ ಅದೂ ಬದಲಾಗುತ್ತದೆ. ಈ ತೊಡಕನ್ನು ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ಅಲ್ಲಿ ಅವರ ಕೈಗೆ ಸಿಗುತ್ತಿದ್ದದ್ದೂ ಇಂಥ ಪುಟ್ಟ ಸ್ಯಾಂಪಲ್‌ಗಳೇ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು.

“30 ದಾಟಿದರೆ ಝಡ್” ಅನ್ನುವ ಮಾತು ಕೇಳಿರುತ್ತೀರಿ, ಅಲ್ವಾ? ನನಗಂತೂ ಆ ನಿಯಮ ಬೇಡವೇ ಬೇಡ. 30 ಪ್ಯಾಕೆಟ್‌ಗೂ ಟಿ ಗಡಿ 2.045. ಸ್ಯಾಂಪಲ್ ದೊಡ್ಡದಾದಂತೆ ಟಿ ತಾನಾಗಿಯೇ 1.96ರ ಹತ್ತಿರ ಬರುತ್ತದೆ. ಹಾಗಾಗಿ ಸರಾಸರಿಯ ಲೆಕ್ಕದಲ್ಲಿ ಎಸ್‌ಡಿ ಗೊತ್ತಿಲ್ಲದಿದ್ದರೆ ಯಾವಾಗಲೂ ಟಿ ಹಾಕಿದರೆ ನಷ್ಟವಿಲ್ಲ.

ಒಂದೆರಡು ಎಚ್ಚರಿಕೆ. ಸ್ಯಾಂಪಲ್ ಚಿಕ್ಕದಿದ್ದು ಒಂದು ಪ್ಯಾಕೆಟ್ ಮಾತ್ರ 450 ಗ್ರಾಂ ತೂಗಿದರೆ ಟಿ ಕೂಡ ಕೈಕೊಡುತ್ತದೆ. ಮೊದಲು ಆ ಪ್ಯಾಕೆಟ್ ಹರಿದಿದೆಯಾ ನೋಡಿ. ಎರಡು ಕಂಪನಿಗಳ ರವೆಯನ್ನು ಹೋಲಿಸುವಾಗ ಎರಡರ ಏರುಪೇರೂ ಒಂದೇ ಅಂತ ಊಹಿಸಬೇಡಿ, ಹಾಗೆ ಊಹಿಸದ ವೆಲ್ಚ್ ಟಿ ಪರೀಕ್ಷೆ ಬಳಸಿ. ಎಕ್ಸೆಲ್‌ನ ‘ಟಿ.ಟೆಸ್ಟ್’ನಲ್ಲಿ ಕೊನೆಯ ಜಾಗಕ್ಕೆ 3 ಹಾಕಿದರೆ ಸಿಗುವುದು ಅದೇ.