ಹೋತ ಬದಲಾಯಿಸಿದ ಮೇಲೆ

ಅರಸೀಕೆರೆ ತಾಲ್ಲೂಕಿನ ಜಾವಗಲ್ ಹತ್ತಿರ ನಮ್ಮ ಊರು. ನಮ್ಮಲ್ಲಿರೋದು 24 ಹೆಣ್ಣು ನಾಟಿ ಮೇಕೆ, ಒಂದು ಹೋತ. ಅಪ್ಪನ ಕಾಲದಿಂದ ಹೊರಗಿನ ಮೇಕೆ ಒಂದನ್ನೂ ತಂದಿರಲಿಲ್ಲ. ತಳಿ ಉಳಿಸೋದು ಅಂದ್ರೆ ಇದೇ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ರೊಪ್ಪದಲ್ಲಿ ಆಗ ತಾನೇ ಹುಟ್ಟಿದ ಮರಿಯನ್ನು ಎತ್ತಿ ಮೊಲೆಗೆ ಹಿಡಿದೆ. ಚೀಪೋಕೆ ಆಗುತ್ತಿಲ್ಲ. ಬಾಯಿಗೆ ಬೆರಳಿಟ್ಟು ನೋಡಿದರೆ ಕೆಳದವಡೆ ಗಿಡ್ಡ, ಮೇಲಿನ ವಸಡಿಗೆ ತಾಗುತ್ತಲೇ ಇಲ್ಲ. ಎರಡು ದಿನ ಬೆರಳಿಗೆ ಹಾಲು ಅದ್ದಿ ನೆಕ್ಕಿಸಿದೆ. ಮೂರನೇ ದಿನ ಸತ್ತಿತು. ಆ ವರ್ಷ ಅಂಥವು ಮೂರು ಮರಿ.

ಪಶುವೈದ್ಯರು ಕೇಳಿದ್ದು ಒಂದೇ ಮಾತು: "ನಿಮ್ಮ ಹೋತದ ಅಪ್ಪ ಯಾವುದು?"

"ನಮ್ಮ ಮಂದೆದೇ ಸಾರ್."

ಒಂದೇ ರಕ್ತ ಮತ್ತೆ ಮತ್ತೆ ಕೂಡಿದರೆ ಇಂಥ ದೋಷ ಹೊರಬೀಳಬಹುದು ಅಂದರು. ಮಂದೆಯಲ್ಲಿ ನಿಜಕ್ಕೂ ಎಷ್ಟು ಬೇರೆ ಬೇರೆ ರಕ್ತ ಇದ್ದ ಹಾಗೆ ಅನ್ನೋ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದರು. ಗಂಡು, ಹೆಣ್ಣು ಎರಡರ ಸಂಖ್ಯೆ ಗುಣಿಸಿ, ಅದನ್ನು ಮತ್ತೆ ನಾಲ್ಕರಿಂದ ಗುಣಿಸಿ, ಒಟ್ಟು ತಲೆ ಎಷ್ಟೋ ಅದರಿಂದ ಭಾಗಿಸಬೇಕು. ನಮ್ಮದಕ್ಕೆ 96 ಭಾಗ 25, ಅಂದರೆ 3.84. ಕಣ್ಣಿಗೆ ಕಾಣೋದು 25, ರಕ್ತದ ಲೆಕ್ಕದಲ್ಲಿ ನಾಲ್ಕೂ ಇಲ್ಲ! ಅಪ್ಪನೇ ಮಗಳಿಗೆ ಹಾರಿದರೆ ಮರಿಯಲ್ಲಿ ಒಳಸಂಬಂಧ, ಅಂದರೆ ತಾಯಿ ತಂದೆ ಎರಡೂ ಕಡೆಯಿಂದ ಒಂದೇ ಮೂಲದ ಗುಣ ಬರೋ ಸಾಧ್ಯತೆ, 25 ಪರ್ಸೆಂಟ್.

ಮನೆಗೆ ಬರುವಾಗ ಇನ್ನೊಂದು ತಪ್ಪೂ ಹೊಳೆಯಿತು. ಬಕ್ರೀದ್‌ಗೆ, ಜಾತ್ರೆಗೆ ಒಳ್ಳೆ ಮೈಕಟ್ಟಿನ ಹೋತಗಳನ್ನೇ ಮೊದಲು ಮಾರಿಬಿಡ್ತೀವಿ. ಯಾರೂ ಕೇಳದ ಸಣಕಲು ಮರಿ ಉಳಿದು, ಮುಂದೆ ಅದೇ ಬೀಜದ ಹೋತ ಆಗುತ್ತೆ.

ಜಮ್ನಾಪಾರಿ ಅನ್ನೋ ಉತ್ತರದ ದೊಡ್ಡ ಮೇಕೆ ತಳಿ ತಂದು ಕಟ್ಟು, ತೂಕ ಬರುತ್ತೆ ಅಂತ ಸುಮಾರು ಜನ ಹೇಳಿದರು. ನಾನು ಒಪ್ಪಲಿಲ್ಲ. ನಮ್ಮ ಮೇಕೆ ಬೇಸಿಗೆಯಲ್ಲಿ ಜಾಲಿಕಾಯಿ, ಒಣಸೊಪ್ಪು ತಿಂದೇ ಬದುಕುತ್ತೆ. ಆ ಗುಣ ಹೋದರೆ ಎಲ್ಲಿಂದ ತರೋದು? ನಂದಿದುರ್ಗ, ಬೀದರಿ ತಳಿಗಳಿಗೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿ ಆಗಿದೆ. ನಮ್ಮವಕ್ಕೆ ನಾಟಿ ಅನ್ನೋದು ಬಿಟ್ಟರೆ ಹೆಸರೇ ಇಲ್ಲ. ಹೆಸರಿಲ್ಲದ್ದು ಹೋದರೆ ಹೋಗಿದ್ದೂ ಗೊತ್ತಾಗಲ್ಲ, ಅಲ್ವಾ?

ಸಖರಾಯಪಟ್ಟಣದ ಕಡೆ ಭಾವನ ಮಂದೆ, ಬಾಣಾವರದ ಹತ್ತಿರ ಸ್ನೇಹಿತನ ಮಂದೆ, ನಮ್ಮದು. ಮೂರೂ ನಾಟಿಯೇ. ಹೆಣ್ಣು ಎಲ್ಲಿವೆಯೋ ಅಲ್ಲೇ ಇರಬೇಕು, ಹೋತ ಮಾತ್ರ ಸುತ್ತಬೇಕು ಅಂತ ಮಾತಾಡಿಕೊಂಡೆವು. ನಮ್ಮದು ಭಾವನಿಗೆ, ಭಾವನದು ಬಾಣಾವರಕ್ಕೆ, ಅಲ್ಲಿಯದು ನಮಗೆ. ಮಗಳು ಬೆದೆಗೆ ಬರೋ ಹೊತ್ತಿಗೆ ಅಪ್ಪ ಮಂದೆಯಲ್ಲಿ ಇರಬಾರದು, ಅದಕ್ಕೇ ವರ್ಷಕ್ಕೊಮ್ಮೆ ಬದಲಿ. ಕಳಿಸೋ ಮುಂಚೆ ಪಿಪಿಆರ್ (ಆಡು-ಕುರಿಗಳ ಪ್ಲೇಗ್) ರೋಗದ ಲಸಿಕೆ, ಬಂದ ಮೇಲೆ ಮೂರು ವಾರ ಬೇರೆ ಕಟ್ಟೋದು. ಗಂಡುಮರಿಗಳನ್ನು ನಾಲ್ಕು ತಿಂಗಳಿಗೇ ಬೇರೆ ಮಾಡ್ತೀವಿ. ಎಲ್ಲಕ್ಕೂ ನಂಬರಿನ ಕಿವಿಯೋಲೆ ಹಾಕಿದ್ದೀವಿ, ತಾಯಿ ತಂದೆ ನಂಬರನ್ನು ಮಗಳು ನೋಟ್‌ಬುಕ್ಕಲ್ಲಿ ಬರೀತಾಳೆ.

ಭಾವ ಮೊದಲು ಸುಲಭಕ್ಕೆ ಒಪ್ಪಲಿಲ್ಲ. "ನಿನ್ನ ಸಣಕಲು ಹೋತ ಕೊಟ್ಟು ನನ್ನ ಮಂದೆ ಕೆಡಿಸ್ತೀಯಾ?" ಅಂದರು. ನ್ಯಾಯವೇ. ಬೇರೆ ಊರಿಂದ ಒಳ್ಳೆ ನಾಟಿ ಹೋತವನ್ನೇ ಕೊಂಡು ತಂದು ಅವರಿಗೆ ಕೊಟ್ಟೆ.

ಈಗ ಎರಡು ಸುತ್ತು ಮುಗಿದಿವೆ. ದವಡೆ ಗಿಡ್ಡದ ಮರಿ ಒಂದೂ ಹುಟ್ಟಿಲ್ಲ. ಹೋದ ವಾರ 17ನೇ ನಂಬರಿನ ಮೇಕೆ ಅವಳಿ ಹಾಕಿತು. ಹುಟ್ಟಿದ ಅರ್ಧ ಗಂಟೆಗೇ ಎರಡೂ ಎದ್ದು ನಿಂತು, ಬಾಲ ಆಡಿಸುತ್ತಾ ಮೊಲೆ ಗುದ್ದುತ್ತಿದ್ದವು.