ಮನೆಯಲ್ಲೇ ಬಣ್ಣ ಹಾಕಿ, ಕೌದಿ ಹೊಲಿಯಿರಿ

ಹಳೆ ಸೀರೆ, ಪಂಚೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಮನೆಯ ಕೆಲಸ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ. ಮನೆಯಲ್ಲಿ ಮಾಸಿದ ಬಿಳಿ ಪಂಚೆ, ಬೆಡ್‌ಶೀಟ್ ಇದ್ದರೆ ಬಿಸಾಡಬೇಡಿ. ಅಡುಗೆಮನೆಯ ಸಿಪ್ಪೆಗಳಿಂದಲೇ ಅವಕ್ಕೆ ಬಣ್ಣ ಹಾಕಿ ಕೂಸಿಗೊಂದು ಕೌದಿ ಮಾಡಬಹುದು. 3 ಅಡಿ ಅಗಲ, 4 ಅಡಿ ಉದ್ದದ್ದು ಸಾಕು. ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ.

ಬಟ್ಟೆ ತಯಾರಿ

ಬಟ್ಟೆ ಅಪ್ಪಟ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಬೆರೆತಿದ್ದರೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅರ್ಧ ಕಿಲೋ ಬಟ್ಟೆಯನ್ನು ಸ್ವಲ್ಪ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ. ಗಂಜಿ, ಎಣ್ಣೆಯ ಅಂಶ ಉಳಿದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ.

ಆಮೇಲಿನದೇ ಮುಖ್ಯ ಕೆಲಸ. ಹತ್ತಿ ಬಟ್ಟೆ ಸುಮ್ನೆ ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಒಗರು ಬೇಕು. 100 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಬಟ್ಟೆ ಮುಳುಗುವಷ್ಟು ನೀರು ಸೇರಿಸಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡಿ, ಜಾಲಿಸದೆ, ಮಡಿಕೆ ಬೀಳದಂತೆ ಹರಡಿ ಒಣಗಿಸಿ. ಬಟ್ಟೆ ಕೆನೆ ಬಣ್ಣಕ್ಕೆ ಬಂದಿರುತ್ತದೆ. ಮುಂದೆ 75 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಇನ್ನೊಂದು ರಾತ್ರಿ ಅದರಲ್ಲಿ ನೆನೆಸಿ ಒಣಗಿಸಿ. ಈ ಎರಡು ರಾತ್ರಿಗಳನ್ನು ಉಳಿಸಲು ಹೋಗಬೇಡಿ. ಬಣ್ಣ ಬಾಳುವುದು ಇಲ್ಲಿಯ ಕೆಲಸದಿಂದಲೇ.

ಬಣ್ಣ

ಅರಿಶಿನ, ಬೀಟ್‌ರೂಟ್ ಕಡೆ ಕೈ ಹಾಕಬೇಡಿ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಬೀಟ್‌ರೂಟ್ ತೊಳೆದರೆ ಹೋಗುತ್ತದೆ. ದಾಳಿಂಬೆ ಸಿಪ್ಪೆ ಗಟ್ಟಿ ಹಳದಿ ಕೊಡುತ್ತದೆ, ಈರುಳ್ಳಿ ಸಿಪ್ಪೆ ಹೊನ್ನಿನಂಥ ಕಂದು. ಮಲೆನಾಡಿನವರಿಗೆ ಅಡಿಕೆ ಬೇಯಿಸಿದ ಚೊಗರು ಸಿಗುತ್ತದಲ್ವಾ? ಅದರ ಕೆಂಗಂದು ಬಣ್ಣ ತುಂಬಾ ಚೆಂದ. ಸಾಗರದ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ಇದನ್ನು ನೋಡಬಹುದು. ಚೊಗರಿಗೆ ಸ್ವಲ್ಪ ಸುಣ್ಣದ ತಿಳಿ ಸೇರಿಸಿದರೆ ಕೆಂಪು ಏರುತ್ತದೆ.

ಒಣಗಿದ ದಾಳಿಂಬೆ ಸಿಪ್ಪೆ ಬಟ್ಟೆಯಷ್ಟೇ ತೂಕ ಇರಲಿ. ರಾತ್ರಿ ನೆನೆಹಾಕಿ, ಒಂದು ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಒಂದು ಚೂರು ಸಿಪ್ಪೆ ಉಳಿದರೂ ಅಲ್ಲಿ ಕಲೆ ಬೀಳುತ್ತದೆ. ಪಟಿಕ ಹಾಕಿದ ಬಟ್ಟೆಯನ್ನು ಒಮ್ಮೆ ಜಾಲಿಸಿ, ಒದ್ದೆಯಾಗಿರುವಾಗಲೇ ಬಣ್ಣಕ್ಕೆ ಇಳಿಸಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಾ ಇರಿ. ಹಾಗೇ ಪಾತ್ರೆಯಲ್ಲಿ ತಣಿಯಲು ಬಿಡಿ. ಸ್ಟೀಲ್ ಪಾತ್ರೆಯೇ ಒಳ್ಳೆಯದು, ಆದರೆ ಅದನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಕಡು ಬಣ್ಣ ಬೇಕಾದರೆ ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಹುದುಗಿಸಿ, ಸೋಸಿ. ಆ ನೀರನ್ನು ಒಂದು ಬಕೆಟ್‌ಗೆ ಸ್ವಲ್ಪವೇ ಬೆರೆಸಿ, ಹಳದಿ ಬಟ್ಟೆಯ ಒಂದು ಭಾಗವನ್ನು ಐದು ನಿಮಿಷ ಅದ್ದಿ ತೆಗೆಯಿರಿ. ನೋಡನೋಡುತ್ತಲೇ ಹಳದಿ ಹೋಗಿ ಹಸಿರು ಬೂದು ಬಣ್ಣ ಬರುತ್ತದೆ! ಜಾಸ್ತಿ ಹೊತ್ತು ಬಿಡಬೇಡಿ. ಕಬ್ಬಿಣ ಹೆಚ್ಚಾದರೆ ನೂಲು ಸೊರಗಿ, ಬಟ್ಟೆ ಬೇಗ ಹರಿಯುತ್ತದೆ.

ಬಣ್ಣದ ಬಟ್ಟೆಗಳನ್ನು ನೆರಳಿನಲ್ಲಿ ಒಣಗಿಸಿ, ಕೆಲವು ದಿನ ಹಾಗೇ ಇಟ್ಟು, ಆಮೇಲೆ ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಒದ್ದೆ ಬಟ್ಟೆಯ ಮೇಲೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಮಾಡಿ ನೋಡಿ. ಬಣ್ಣ ಅಂಟಿದರೆ ಇನ್ನೂ ತೊಳೆಯಬೇಕು. ಈ ಪರೀಕ್ಷೆ ಮುಗಿಯದೆ ಕತ್ತರಿ ಹಿಡಿಯಬೇಡಿ.

ಹೊಲಿಗೆ

ಕೆಳಗೆ ಮೆತ್ತಗಿನ ಹಳೆ ಸೀರೆ, ಅದರ ಮೇಲೆ ಎರಡು ಪದರ ಪಂಚೆ ಹಾಸಿ. ಸುಕ್ಕು ತೆಗೆದು, ದೊಡ್ಡ ಕಚ್ಚಾ ಹೊಲಿಗೆ ಹಾಕಿ. ತುಂಡುಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ. ಒಂದೇ ಅಳತೆಯೇ ಆಗಬೇಕೆಂದಿಲ್ಲ. ಅಂಚನ್ನು ಕಾಲು ಇಂಚು ಒಳಗೆ ಮಡಚಿ, ಜೋಡಿ ದಾರದಲ್ಲಿ, ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ ಹಾಕುತ್ತಾ ಎಲ್ಲ ಪದರಗಳನ್ನೂ ಹಿಡಿಯಿರಿ. ದಾರವನ್ನು ಜೇನುಮೇಣಕ್ಕೆ ಒಮ್ಮೆ ಉಜ್ಜಿಕೊಂಡರೆ ಸಿಕ್ಕಾಗುವುದಿಲ್ಲ.

ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡುಗಳನ್ನು ಒಂದೊಂದಾಗಿ ಇಟ್ಟು ಹೊಲಿಯುವಾಗ ಇದೇ ಸರಿಯಾದ ದಾರಿ. ಬಟ್ಟೆ ಸ್ವಲ್ಪ ಜರುಗಿದರೂ ಮುಂದಿನ ತುಂಡಿನಲ್ಲಿ ಸರಿಯಾಗುತ್ತದೆ. ಮೇಲ್ಪದರವನ್ನು ಮೊದಲೇ ಒಂದೇ ಬಟ್ಟೆಯಾಗಿ ಜೋಡಿಸಿಟ್ಟಿದ್ದರೆ ಮಾತ್ರ ನಡುವಿನಿಂದ ಅಂಚಿಗೆ ಹೋಗಿ, ಇಲ್ಲದಿದ್ದರೆ ಮಧ್ಯೆ ಗಂಟು ಕಟ್ಟಿದಂತೆ ಉಬ್ಬುತ್ತದೆ. ಸಾಲುಗಳ ನಡುವೆ ಅರ್ಧದಿಂದ ಒಂದು ಇಂಚು ಅಂತರ ಇರಲಿ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ. ಸಿದ್ದಿಗಳು ಇದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಅರೆಬರೆ.

ಕೂಸಿಗೆ ಕೊಡುವ ಕೌದಿಗೆ ಗುಂಡಿ, ಮಣಿ, ಕನ್ನಡಿ ಹಾಕಬೇಡಿ. ಗಂಟುಗಳನ್ನು ಪದರದೊಳಗೆ ಎಳೆದು ಮುಚ್ಚಿ. ಉಡುಗೊರೆಯ ಜೊತೆ ಒಂದು ಚೀಟಿ ಇಡಿ: ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು, ಮೆದು ಸೋಪು ಹಾಕಬೇಕು, ನೆರಳಿಗೆ ಹರವಬೇಕು. ನಿಂಬೆ, ಹುಣಸೆ ಹುಳಿ ತಾಗಿದರೆ ಬಣ್ಣ ಕೆಡುತ್ತದೆ, ಕೂಡಲೇ ನೀರು ಹಾಕಬೇಕು.